ಅನುಮಾನ ಬಂದ ಕೂಡಲೇ ಎಬ್ಬಿಸು, ಪುಟ್ಟಿ

ಪುಟ್ಟಿ,

ಡಾಕ್ಟರಾಗಿ, ತುರ್ತು ಚಿಕಿತ್ಸೆ ಕಲಿಯುವ ಈ ಅಕ್ಯೂಟ್ ಕೇರ್ ಫೆಲೋಶಿಪ್ ಸೇರಿದ ಮೇಲೆ ನೀನು ಫೋನಿನಲ್ಲಿ ಮಾತಾಡುವುದೇ ಕಮ್ಮಿಯಾಗಿದೆ. ಬೇಜಾರಿಲ್ಲ. ನರ್ಸ್ ಆಗಿ ವಾರ್ಡಿನಲ್ಲೇ ಆಯಸ್ಸು ಕಳೆದವಳು ನಾನು, ಆ ಸುಸ್ತು ಗೊತ್ತು. ಮೊನ್ನೆ ಕೇಳಿದೆಯಲ್ಲ, "ಅಮ್ಮಾ, ನಡುರಾತ್ರಿ ಸೀನಿಯರ್‌ನ ಎಬ್ಬಿಸಿದರೆ ಇವಳಿಗೆ ಏನೂ ಬರಲ್ಲ ಅಂದುಕೊಳ್ಳಲ್ವಾ?" ಅಂತ. ಆಗ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಬ್ಬಿಸು. ಅನುಮಾನ ಬಂದ ಕೂಡಲೇ ಎಬ್ಬಿಸು.

ವಾರ್ಡಿನಲ್ಲಿ ಹೃದಯ ನಿಂತುಹೋಗುವ ಎಷ್ಟೋ ರೋಗಿಗಳಲ್ಲಿ ಗಂಟೆಗಳ ಮೊದಲೇ ಸೂಚನೆ ಇರುತ್ತದೆ. ಸಾಮಾನ್ಯವಾಗಿ ಮೊದಲು ಏರುವುದು ಉಸಿರು. ಬಿಪಿ ಬೀಳುವುದು ತಡವಾಗಿ, ಅದರಲ್ಲೂ ವಯಸ್ಸಿನ ಹುಡುಗರಲ್ಲಿ ಕೊನೆವರೆಗೂ ಅದು ಚೆನ್ನಾಗೇ ಕಾಣುತ್ತದೆ. ಆದರೆ ಚಾರ್ಟಿನಲ್ಲಿ ಅಂದಾಜಿಗೆ ಬರೆದುಬಿಡುವುದು ಈ ಉಸಿರನ್ನೇ. ಸಾಲಾಗಿ 18, 18, 18 ಕಂಡರೆ ನಂಬಬೇಡ, ನೀನೇ ಎಣಿಸು. ಎಣಿಸುತ್ತಿದ್ದೀಯ ಅಂತ ಗೊತ್ತಾದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ. ಹಾಗಾಗಿ ನಾಡಿ ನೋಡುವವಳ ಹಾಗೆ ಮಣಿಕಟ್ಟು ಹಿಡಿದುಕೊ, ಕಣ್ಣು ಮಾತ್ರ ಎದೆಯ ಮೇಲಿರಲಿ. ಪೂರ್ತಿ ಒಂದು ನಿಮಿಷ. ದೊಡ್ಡವರಿಗೆ 12ರಿಂದ 20 ಸಹಜ. 25 ಆಯಿತೋ, ರೋಗಿ ಎಷ್ಟು ಹದಗೆಟ್ಟಿದ್ದಾರೆ ಅಂತ ಉಸಿರು, ನಾಡಿ, ಬಿಪಿಗೆಲ್ಲ ಅಂಕ ಹಾಕುವ ನ್ಯೂಸ್-2 ಸ್ಕೋರಿನಲ್ಲಿ ಅದೊಂದಕ್ಕೇ 3 ಅಂಕ.

ಒಟ್ಟು 7 ಆದರೆ ತುರ್ತು ತಂಡ ಬರಬೇಕು, ಸರಿ. ಆದರೆ 7 ಆಗಲಿ ಅಂತ ಕಾಯುತ್ತಾ ಕೂರಬೇಡ. ನರ್ಸ್ ಬಂದು "ಯಾಕೋ ಸರಿ ಕಾಣ್ತಿಲ್ಲ ಡಾಕ್ಟ್ರೇ" ಅಂದರೆ, ಸ್ಕೋರ್ 2 ಇದ್ದರೂ ಎದ್ದು ಹೋಗಿ ನೋಡು. ಆಕೆ ಆ ಮುಖವನ್ನು ಸಂಜೆಯಿಂದ ನೋಡುತ್ತಿದ್ದಾಳೆ. ನೀನು ಈಗ ನೋಡುತ್ತಿದ್ದೀಯ.

ಫೋನ್ ಮಾಡಿದಾಗ "ಸಾರಿ ಸರ್, ಡಿಸ್ಟರ್ಬ್ ಮಾಡ್ತಿದ್ದೀನಿ" ಅಂತ ಶುರು ಮಾಡಬೇಡ. ರೋಗಿಯ ಸ್ಥಿತಿಯನ್ನು ಕ್ರಮವಾಗಿ ಹೇಳುವ ಎಸ್‌ಬಾರ್ ಪದ್ಧತಿ ಕಲಿತಿದ್ದೀಯಲ್ಲ, ಅದರಲ್ಲಿ ಕೊನೆಗೆ ಬರುವ ಕೋರಿಕೆಯನ್ನು ಮೊದಲೇ ಹೇಳಿಬಿಡು: "ರೋಗಿ ಹದಗೆಡುತ್ತಿದ್ದಾರೆ, ನೀವು ಬಂದು ನೋಡಬೇಕು." ಹಿನ್ನೆಲೆ, ನೀನು ಕಂಡಿದ್ದು, ಅಷ್ಟರಲ್ಲಿ ಕೊಟ್ಟ ಆಕ್ಸಿಜನ್, ಫ್ಲೂಯಿಡ್ ಎಲ್ಲ ಆಮೇಲೆ. ಅವರು ರೇಗಬಹುದು. ರೇಗಲಿ ಬಿಡು. ಸೋಂಕಿನಿಂದ ಬಿಪಿ ಕುಸಿಯುವ ಸೆಪ್ಟಿಕ್ ಶಾಕ್ ಅನ್ನಿಸಿದರೆ 1 ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು. ಅದರಲ್ಲಿ ಅರ್ಧ ಗಂಟೆ ನಿನ್ನ ಸಂಕೋಚಕ್ಕೇ ಹೋದರೆ ಹೇಗೆ? ನಾವು ನರ್ಸ್‌ಗಳು ಜಾಸ್ತಿ ನಂಬುತ್ತಿದ್ದದ್ದು ಬೇಗ ಕರೆಯುವ ಜೂನಿಯರ್‌ಗಳನ್ನೇ. ಏನೂ ಕೇಳದೆ ಒಬ್ಬರೇ ಗುದ್ದಾಡುವವರ ಡ್ಯೂಟಿ ಇದ್ದರೆ ನಮಗೆ ಭಯ ಆಗುತ್ತಿತ್ತು.

ಎಲ್ಲಾ ಸರಿಯಾಗಿ ಮಾಡಿಯೂ ಕೆಲವರು ಉಳಿಯುವುದಿಲ್ಲ. ಅಂಥ ರಾತ್ರಿ ಸುಮ್ನೆ ಮುಂದಿನ ಬೆಡ್‌ಗೆ ಓಡಬೇಡ. ನಿನ್ನ ಜೊತೆ ಕೆಲಸ ಮಾಡಿದವರನ್ನು ಸ್ವಲ್ಪ ಹೊತ್ತು ಕೂರಿಸಿಕೊಂಡು ಮಾತಾಡು. ಅವರಿಗೂ ಅದು ಬೇಕಾಗಿರುತ್ತದೆ.

ಇನ್ನೊಂದು. ನೈಟ್ ಮುಗಿದಾಗ ಕಣ್ಣೆಳೆಯುತ್ತಿದ್ದರೆ ಗಾಡಿ ಮುಟ್ಟಬೇಡ. ಡ್ಯೂಟಿ ರೂಮಿನಲ್ಲೇ ಮಲಗಿ, ಎದ್ದು ಹೋಗು. ಮನೆ ಸೇರಿದ ಮೇಲೆ ಒಂದು ಮೆಸೇಜ್ ಹಾಕು, ಸಾಕು.

ನಿನ್ನ
ಅಮ್ಮ