ಬಾಗಿದ ಬೆನ್ನು: ಡಿಗ್ರಿಯ ಲೆಕ್ಕವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಚಲನೆ, ಭಂಗಿಯ ಹಿಡಿತ ತಪ್ಪುವ ಸ್ಥಿತಿ) ಇರುವವರ ಬೆನ್ನುಮೂಳೆ ಬಾಗುವುದನ್ನು ಅನೇಕರು ಕೂರುವ ಭಂಗಿಯ ದೋಷವೆಂದೇ ಭಾವಿಸುತ್ತಾರೆ. ಆದರೆ ಸ್ನಾಯುಗಳ ಬಿಗಿತ, ದೌರ್ಬಲ್ಯ ಮತ್ತು ಅಸಮತೋಲನದಿಂದ ಉಂಟಾಗುವ ಈ ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು), ನಡೆಯಲಾರದೆ ಗಾಲಿಕುರ್ಚಿಯನ್ನು ಅವಲಂಬಿಸಿದವರಲ್ಲಿ ಹೆಚ್ಚು. ಮೂಳೆಗಳ ಬೆಳವಣಿಗೆ ನಿಂತ ಮೇಲೂ ಅದು ಮುಂದುವರಿಯಬಹುದು. ಮೈಗೆ ತೊಡಿಸುವ ಕವಚವಾದ ಬ್ರೇಸ್ ಕೂರಲು ಆಸರೆಯಾದೀತು, ಬಾಗು ಹೆಚ್ಚುವುದನ್ನು ಅದು ತಡೆಯುತ್ತದೆಂಬ ಭರವಸೆಯಿಲ್ಲ.

ಎಕ್ಸ್‌ರೇಯಲ್ಲಿ ಅಳೆದ ಬಾಗು ಸುಮಾರು 50 ಡಿಗ್ರಿ ಮೀರಿ ಏರುತ್ತಿರುವಾಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಎದೆಯ ಮೇಲ್ಭಾಗದಿಂದ ಹಲವೊಮ್ಮೆ ಸೊಂಟದ ಮೂಳೆಯವರೆಗೂ ಲೋಹದ ಸರಳು, ಸ್ಕ್ರೂಗಳನ್ನು ಅಳವಡಿಸಿ ಬೆನ್ನುಮೂಳೆಯ ಮಣಿಗಳನ್ನು ಬೆಸೆಯುವ ಈ ಚಿಕಿತ್ಸೆಯಲ್ಲಿ ರಕ್ತಸ್ರಾವ, ಸೋಂಕು ಮತ್ತು ನ್ಯುಮೋನಿಯಾದ ಅಪಾಯ ಸಣ್ಣದಲ್ಲ. ಪೌಷ್ಟಿಕತೆ, ಉಸಿರಾಟ, ಮೂರ್ಛೆರೋಗದ ಔಷಧಗಳು ಎಲ್ಲವನ್ನೂ ವಾರಗಳ ಮೊದಲೇ ಪರಿಶೀಲಿಸಬೇಕು. ವಾಲ್ಪ್ರೊಯೇಟ್‌ನಂತಹ ಔಷಧ ರಕ್ತಸ್ರಾವವನ್ನು ಹೆಚ್ಚಿಸಬಲ್ಲದು ಎಂಬುದು ಎಷ್ಟು ಕುಟುಂಬಗಳಿಗೆ ತಿಳಿದಿದೆ?

ಆದರೂ ಶಸ್ತ್ರಚಿಕಿತ್ಸೆಯ ನಂತರ ಬಹುಪಾಲು ಆರೈಕೆದಾರರು ತೃಪ್ತಿ ವ್ಯಕ್ತಪಡಿಸುತ್ತಾರೆ, ಏಕೆಂದರೆ ಓರೆಯಾದ ಸೊಂಟ ಸಮವಾದಾಗ ನೋವಿಲ್ಲದೆ ಹೆಚ್ಚು ಹೊತ್ತು ಕೂರುವುದು, ದೇಹವನ್ನು ಆನಿಸಿಕೊಳ್ಳಲು ಬಳಸುತ್ತಿದ್ದ ಕೈಗಳು ಬಿಡುವಾಗುವುದು ಸಾಧ್ಯವಾಗುತ್ತದೆ. ನನ್ನ ದೃಷ್ಟಿಯಲ್ಲಿ ನಿರ್ಧಾರದ ಅಳತೆಗೋಲು ಇದೇ ಆಗಬೇಕು, ಎಕ್ಸ್‌ರೇಯ ನೇರ ಗೆರೆಯಲ್ಲ. ಮಾತನಾಡಲಾರದವರಿಗೂ ತಮ್ಮ ದೇಹದ ಬಗ್ಗೆ ಅಭಿಪ್ರಾಯವಿರುತ್ತದೆ. ಚಿತ್ರಫಲಕ, ಕಣ್ಸನ್ನೆ ಅಥವಾ ಅವರಿಗೆ ಒಗ್ಗಿದ ಯಾವುದೇ ವಿಧಾನದಿಂದ ಅದನ್ನು ಕೇಳಿ ತಿಳಿಯಲು ವೈದ್ಯರು ಪ್ರತ್ಯೇಕ ಸಮಯ ಮೀಸಲಿಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಓರ್ವ ಓದುಗ