ಕಂದು ಬಣ್ಣದ ಆ ಎಲೆ ಜೀವಂತ ಎಲೆಯಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಕಂದು ಕಲೆಗಳಿದ್ದ ಎಲೆಯ ಚಿತ್ರ ಬಂದಿತ್ತು. ಕೆಳಗೆ ‘ಜೀವಂತ ಎಲೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್’ ಅಂತ ಬರೆದಿತ್ತು. ಲೇಖನ ಚೆನ್ನಾಗಿತ್ತು, ಆದರೆ ಆ ಸಾಲು ತಪ್ಪು. ಅದು ಪೆರಾಕ್ಸೈಡ್ ಇದ್ದಲ್ಲಿ ಕಂದಾಗುವ ಡ್ಯಾಬ್ ಎಂಬ ರಾಸಾಯನಿಕ ಹೀರಿಸಿ, ಹಸಿರು ಹೋಗುವವರೆಗೆ ಆಲ್ಕೋಹಾಲ್‌ನಲ್ಲಿ ಕುದಿಸಿದ ಎಲೆ. ಪಿಎಚ್‌.ಡಿ. ಮಾಡುವಾಗ ನಾನೂ ಅಂಥ ನೂರಾರು ಎಲೆ ಕುದಿಸಿದ್ದೇನೆ. ಪೆರಾಕ್ಸೈಡ್ ಎಲ್ಲಿತ್ತು ಅಂತ ಆ ಎಲೆ ಹೇಳುತ್ತದೆ. ಎಷ್ಟು ಹೊತ್ತಿಗೆ ಏರಿತು, ಯಾವಾಗ ಇಳಿಯಿತು ಅಂತ ಹೇಳುವುದಿಲ್ಲ.

ಗಿಡಕ್ಕೆ ಮುಖ್ಯವಾದದ್ದೇ ಆ ಏರಿಳಿತ ಅಲ್ವಾ? ಗಾಯಕ್ಕೆ ಹಾಕಿದರೆ ನೊರೆ ಬರುವ ಆ ಪೆರಾಕ್ಸೈಡ್ ಜಾಸ್ತಿಯಾದರೆ ಕೋಶವನ್ನು ಹಾಳು ಮಾಡುತ್ತದೆ. ಕಡಿಮೆ ಇದ್ದಾಗ ಅದೇ ಸುದ್ದಿ ಮುಟ್ಟಿಸುತ್ತದೆ. ಜೋರು ಬೆಳಕು ಬಿದ್ದಾಗ ಎಲೆಯ ಹಸಿರು ಕಣ ಕ್ಲೋರೋಪ್ಲಾಸ್ಟ್‌ನಿಂದ ಅದೇ ಕೋಶದಲ್ಲಿ ಪಕ್ಕಕ್ಕಿರುವ ಕೋಶಕೇಂದ್ರಕ್ಕೆ ಪೆರಾಕ್ಸೈಡ್ ನೇರವಾಗಿ ಹೋಗುವುದನ್ನು 2017ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದವರು ತೋರಿಸಿದರು. ಕುದಿಸಿದ ಎಲೆಯಲ್ಲಿ ಇದು ಕಾಣುವುದು ಹೇಗೆ?

ಅವರು ಬಳಸಿದ್ದು ಹೈಪರ್ ಎಂಬ ಸೆನ್ಸರ್. 2006ರಲ್ಲಿ ಮಾಸ್ಕೋದ ಬೆಲೂಸೊವ್ ತಂಡ ಮಾಡಿದ್ದು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಪೆರಾಕ್ಸೈಡ್ ಗುರುತಿಸುವ ಪ್ರೋಟೀನಿನೊಳಗೆ ಹೊಳೆಯುವ ಪ್ರೋಟೀನ್ ಕೂರಿಸಿದರು. ಅದರ ಜೀನ್ ಹಾಕಿದರೆ ಗಿಡವೇ ಸೆನ್ಸರ್ ತಯಾರಿಸಿಕೊಳ್ಳುತ್ತದೆ. 420 ಮತ್ತು 500 ನ್ಯಾನೋಮೀಟರಿನ ಎರಡು ಬೆಳಕು ಕೊಟ್ಟು, ಹೊಳಪಿನ ಅನುಪಾತ ನೋಡಬೇಕು. ಅನುಪಾತ ಕಡಿಮೆ ಇದ್ದರೆ ಕಂಪ್ಯೂಟರ್ ನೀಲಿ ಬಣ್ಣ, ಏರಿದರೆ ಕೆಂಪು ಬಣ್ಣ ಕೊಡುತ್ತದೆ. ಪ್ರಯೋಗಾಲಯಗಳಲ್ಲಿ ಬೆಳೆಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಸಸಿಯ ಬೇರಿಗೆ ಒಂದು ಹನಿ ಪೆರಾಕ್ಸೈಡ್ ಬಿಟ್ಟಾಗ ಪರದೆಯ ಮೇಲೆ ನೀಲಿ ಇದ್ದದ್ದು ಕೆಂಪಾಗಿ, ತೊಳೆದ ಮೇಲೆ ನಿಧಾನಕ್ಕೆ ಮತ್ತೆ ನೀಲಿಗೆ ತಿರುಗಿತು. ಅಷ್ಟೂ ಹೊತ್ತು ಆ ಬೇರು ಬದುಕಿತ್ತು. ಮೊದಲ ಸಲ ಅದನ್ನು ಕಂಡಾಗ ನನ್ನ ಕಣ್ಣು ತುಂಬಿ ಬಂತು.

ಇಲ್ಲೂ ಮೋಸ ಹೋಗಬಹುದು. ಕೋಶದ ಪಿಎಚ್ ಏರಿದರೂ ಹೈಪರ್ ಪೆರಾಕ್ಸೈಡ್ ಏರಿದ ಹಾಗೆಯೇ ತೋರಿಸುತ್ತದೆ. ಒಂದು ತಿಂಗಳ ನನ್ನ ಫಲಿತಾಂಶ ಹಾಗೇ ಬಿದ್ದುಹೋಯಿತು. ಪೆರಾಕ್ಸೈಡ್‌ಗೆ ಸ್ಪಂದಿಸದೆ ಪಿಎಚ್‌ಗೆ ಮಾತ್ರ ಸ್ಪಂದಿಸುವ ಜೋಡಿ ಸೆನ್ಸರ್ ಸೈಫರ್ ಇಟ್ಟು ನೋಡಿದರೆ ಅದೂ ಅಷ್ಟೇ ಏರಿತ್ತು! 2020ರಲ್ಲಿ ಬಂದ ಹೈಪರ್7ಗೆ ಈ ತೊಂದರೆ ಇಲ್ಲ. ಹಾಗಾಗಿ ಹೊಳಪಿನ ಚಿತ್ರ ಹಾಕುವಾಗಲೂ ಯಾವ ಸೆನ್ಸರ್, ಜೊತೆಗೆ ಏನಿಟ್ಟು ನೋಡಿದರು ಅಂತ ಒಂದು ಸಾಲು ಬರೆಯಿರಿ.

ನಮ್ಮ ಕಾಲೇಜಿನ ಮಕ್ಕಳು ಆ ಪುಟವನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ದಯವಿಟ್ಟು ತಿದ್ದುಪಡಿ ಹಾಕಿ, ಅದನ್ನೂ ಪಕ್ಕದಲ್ಲೇ ಅಂಟಿಸುತ್ತೇವೆ.

– ಸಸ್ಯಶಾಸ್ತ್ರ ಅಧ್ಯಾಪಕಿ, ಶಿವಮೊಗ್ಗ