ಸರ್ಟಿಫಿಕೇಟ್ ಟೀಚರಿಗೆ, ತರಬೇತಿ ಜೆರಾಕ್ಸ್ ಅಂಗಡಿಗೆ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ನಾನು ನಿಮ್ಮ ಕ್ಷೇತ್ರದವಳೇ. ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಪಹಣಿ, ಆನ್‌ಲೈನ್ ಅರ್ಜಿ, ಲ್ಯಾಮಿನೇಶನ್ ಎಲ್ಲಾ ಮಾಡಿಕೊಡುತ್ತೇನೆ. ಹೋದ ವರ್ಷ ಜನಸ್ಪಂದನ ಸಭೆಯಲ್ಲಿ ನಿಮ್ಮ ಕೈಗೇ ಒಂದು ಮನವಿ ಕೊಟ್ಟಿದ್ದೆ. ನನ್ನ ಮಗನಿಗೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಕಷ್ಟವಾಗುವ ತೊಂದರೆ ಇದೆ, ಇಂಥ ಮಕ್ಕಳಿಗೆ ಹೇಗೆ ಕಲಿಸಬೇಕು ಅಂತ ಶಿಕ್ಷಕರಿಗೂ ಮನೆಯವರಿಗೂ ಕನ್ನಡದಲ್ಲಿ ಒಂದು ಆನ್‌ಲೈನ್ ತರಬೇತಿ ಮಾಡಿಸಿಕೊಡಿ ಅಂತ ಬರೆದಿದ್ದೆ. ನೀವು "ಆಯ್ತಮ್ಮ, ಮಾಡಿಸೋಣ" ಅಂದು ಮೂಲೆಯಲ್ಲಿ ಸಹಿ ಹಾಕಿ ಪಕ್ಕದವರ ಕೈಗೆ ಕೊಟ್ಟಿರಿ.

ಉತ್ತರ ಮೊನ್ನೆ ಬಂತು. ಅರ್ಜಿದಾರರ ಮಗನ ಕೈಕಾಲು ಸರಿ ಇರುವುದರಿಂದ ತ್ರಿಚಕ್ರ ವಾಹನಕ್ಕೆ ಅರ್ಹರಿರುವುದಿಲ್ಲ ಅಂತ.

ನಾನು ಕೇಳಿದ್ದು ತರಬೇತಿ ಸ್ವಾಮಿ, ಗಾಡಿ ಅಲ್ಲ. ನನ್ನ ಮಗ ಸೈಕಲ್ಲಿನಲ್ಲಿ ಎರಡೂ ಕೈ ಬಿಟ್ಟು ನಮ್ಮ ಬೀದಿಯ ಇಳಿಜಾರು ಇಳಿಯುತ್ತಾನೆ. ಅವನ ಕೈಕಾಲು ಸರಿ ಇದೆ ಅಂತ ಸರ್ಕಾರ ಬರೆದುಕೊಟ್ಟಿದ್ದಕ್ಕೆ ಸಂತೋಷವೇ. ಆದರೆ ಮನವಿಯ ಮೊದಲನೇ ಸಾಲನ್ನಾದರೂ ಯಾರಾದರೂ ಓದಬಹುದಿತ್ತು ಅಲ್ವಾ? ಓದಲು ಕಷ್ಟ ಇರುವುದು ನನ್ನ ಮಗನಿಗೆ ಮಾತ್ರ ಅಂದುಕೊಂಡಿದ್ದೆ. ಅದಕ್ಕೇ ಈ ಸಲ ನಾಲ್ಕು ಜನ ನೋಡುವ ಹಾಗೆ ಬರೆಯುತ್ತಿದ್ದೇನೆ.

ಕಾಯ್ದೆ ನಿಮಗೆ ನಾನು ಹೇಳಬೇಕಾಗಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 21 ವಿಧಗಳಲ್ಲಿ ಈ ಕಲಿಕೆಯ ತೊಂದರೆಯೂ ಒಂದು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಹಾಗೆ ಕಲಿಸಬೇಕು ಅಂತ ಅದರ 16ನೇ ಕಲಂ ಹೇಳುತ್ತದೆ. ಮೂರನೇ ತರಗತಿಯಲ್ಲಿ ಅಥವಾ 8 ವರ್ಷಕ್ಕೆ, ಯಾವುದು ಮೊದಲೋ ಆಗ, ಶಾಲೆಯ ಶಿಕ್ಷಕರೇ ಮಕ್ಕಳನ್ನು ಪರೀಕ್ಷಿಸಿ ನೋಡಬೇಕು ಅಂತ 2018ರಲ್ಲೇ ಕೇಂದ್ರದ ಮಾರ್ಗಸೂಚಿ ಹೇಳಿತ್ತು. ಅಂದರೆ ಮೊದಲು ಗೊತ್ತು ಹಿಡಿಯಬೇಕಾದವರು ಡಾಕ್ಟರಲ್ಲ, ಟೀಚರು. ಅವರಿಗೆ ಗೊತ್ತು ಹಿಡಿಯುವುದನ್ನು ಕಲಿಸಿದವರು ಯಾರು?

ನಮ್ಮ ಹುಡುಗನನ್ನು ಮೂರನೇ ಕ್ಲಾಸಿನಲ್ಲಿ ಯಾರೂ ಗೊತ್ತು ಹಿಡಿಯಲಿಲ್ಲ. "ಮೈಗಳ್ಳ, ಮನೇಲಿ ಓದಿಸಿ" ಅಂದರು. ಓದಿಸಿದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಲಿನ ಶುರು ಮರೆತಿರುತ್ತಿತ್ತು. ನಮ್ಮ ಅತ್ತೆ ಬುದ್ಧಿ ಚುರುಕಾಗಲಿ ಅಂತ ದಿನಾ ಒಂದೆಲಗದ ತಂಬುಳಿ ಮಾಡಿ ಹಾಕಿದರು. ಬುದ್ಧಿಗೇನೂ ಕಡಿಮೆ ಇರಲಿಲ್ಲ. ಎರಡು ರೂಪಾಯಿಯ ಹಾಗೆ ಮೂವತ್ತೇಳು ಪ್ರತಿ ಅಂದರೆ ನಾನು ಕ್ಯಾಲ್ಕುಲೇಟರ್ ಹುಡುಕುವ ಮೊದಲೇ ಎಪ್ಪತ್ನಾಲ್ಕು ಅಂತಾನೆ. ನೂರರ ನೋಟು ಕೊಟ್ಟವರಿಗೆ ಚಿಲ್ಲರೆಯನ್ನೂ ಎಣಿಸಿ ಇಟ್ಟಿರುತ್ತಾನೆ. ಅದೇ ಹುಡುಗನ ಕೈಗೆ ಎರಡನೇ ಕ್ಲಾಸಿನ ಪಾಠ ಕೊಟ್ಟರೆ ಬೆವರುತ್ತಾನೆ.

ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಡಿಸ್ಲೆಕ್ಸಿಯಾ ಅಂದರು. ಇದಕ್ಕೆ ಮಾತ್ರೆ ಇಲ್ಲ, ಟಾನಿಕ್ ಇಲ್ಲ, ಕಲಿಸುವ ರೀತಿಯೇ ಔಷಧ, ನೀವೂ ಕಲಿಯಬೇಕು, ಟೀಚರೂ ಕಲಿಯಬೇಕು ಅಂತ ಬಿಡಿಸಿ ಹೇಳಿದರು. ಎಲ್ಲಿ ಕಲಿಯೋದು ಅಂತ ಕೇಳಿದೆ. ಆ ಮೇಡಂ ಪಾಪ, ಸುಮ್ಮನೆ ನಕ್ಕರು.

ಅವತ್ತಿನಿಂದ ಹುಡುಕುತ್ತಿದ್ದೇನೆ. ಬೆಂಗಳೂರಿನಲ್ಲಿ ಶನಿವಾರ ಭಾನುವಾರದ ಕೋರ್ಸುಗಳು ಸಿಕ್ಕವು. ಇಂಗ್ಲಿಷಿನಲ್ಲಿ. ಫೀಸು ನನ್ನ ಅಂಗಡಿ ಬಾಡಿಗೆಗಿಂತ ಜಾಸ್ತಿ. ದೂರದ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಡಿಸ್ಲೆಕ್ಸಿಯಾ ಇರುವವರಿಗೆ ಬೇರೆ ಭಾಷೆ ಕಲಿಸುವುದು ಹೇಗೆ ಅಂತ ಒಂದು ಆನ್‌ಲೈನ್ ಕೋರ್ಸ್ ಮಾಡಿದ್ದರು. ಯಾವ ದೇಶದವರು ಬೇಕಾದರೂ ಸೇರಬಹುದಿತ್ತು. ಅಲ್ಲಿಯವರ ಬಾಗಿಲು ನನಗೆ ತೆರೆದಿತ್ತು, ಇಲ್ಲಿಯದು ತೆರೆಯಲಿಲ್ಲ. ನಮ್ಮಲ್ಲಿ ಶಿಕ್ಷಕರಿಗೆ ಅಂತ ಇರುವ ಆನ್‌ಲೈನ್ ತರಬೇತಿಗೆ ಹೋದರೆ ಶಿಕ್ಷಕರ ಐಡಿ ಕೇಳುತ್ತದೆ. ತಾಯಿಗೆ ಐಡಿ ಎಲ್ಲಿಂದ ಬರಬೇಕು?

ಆದರೆ ಆ ತರಬೇತಿ ನನಗೆ ಸಿಕ್ಕೇ ಸಿಕ್ಕಿತು. ಹೇಗೆ ಅಂತ ಕೇಳಿ.

ತರಬೇತಿ ಮುಗಿಸುವ ಕೊನೇ ತಾರೀಕು ಹತ್ತಿರ ಬಂತು ಅಂದರೆ ನಮ್ಮಂಥ ಅಂಗಡಿಗಳಿಗೆ ಸೀಸನ್. ಟೀಚರುಗಳು ವಾಟ್ಸಾಪಿನಲ್ಲಿ ಐಡಿ, ಪಾಸ್‌ವರ್ಡ್ ಕಳಿಸುತ್ತಾರೆ. ಓಟಿಪಿ ಫೋನಲ್ಲಿ ಹೇಳುತ್ತಾರೆ. "ಅಕ್ಕಾ, ಇದೊಂದು ಮುಗಿಸಿಡಿ, ಸಂಜೆ ಬಂದು ಸರ್ಟಿಫಿಕೇಟ್ ತಗೊಳ್ತೀನಿ." ಒಂದಕ್ಕೆ ಐವತ್ತು ರೂಪಾಯಿ, ಲ್ಯಾಮಿನೇಶನ್ ಬೇರೆ. ವಿಡಿಯೋ ಹಾಕಿ ಬಿಟ್ಟರೆ ಅದು ತಾನೇ ಓಡುತ್ತದೆ. ಕೊನೆಗೆ ಪ್ರಶ್ನೆಗೆ ಟಿಕ್ ಹಾಕಿದರೆ ಸಾಕು. ಊರಲ್ಲಿ ಇದು ಗುಟ್ಟೇನೂ ಅಲ್ಲ, ನಿಮ್ಮವರಿಗೂ ಗೊತ್ತಿರುತ್ತದೆ.

ಹಾಗೆ ಒಂದು ದಿನ ಬಂದದ್ದು ಕಲಿಕೆಯಲ್ಲಿ ಕಷ್ಟ ಇರುವ ಮಕ್ಕಳ ಬಗ್ಗೆಯೇ ಇದ್ದ ಕೋರ್ಸು. ಕಳಿಸಿದವರು ನನ್ನ ಮಗನ ಟೀಚರೇ. ಗಿರಾಕಿಗಳನ್ನು ಕಾಯಿಸಿ ಕೂತು ಪೂರ್ತಿ ನೋಡಿದೆ. ಕೊನೆಯ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಓದಲು ತೊಡಕಿರುವ ಮಗುವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ ತಿದ್ದಬೇಕು, ಸರಿಯೋ ತಪ್ಪೋ? ನಾನು ತಪ್ಪು ಅಂತ ಒತ್ತಿದೆ. ಉತ್ತರ ಸರಿ ಅಂತ ಹಸಿರು ಬಂತು. ಟೀಚರ ಹೆಸರಿನಲ್ಲಿ ಸರ್ಟಿಫಿಕೇಟ್ ಇಳಿಯಿತು. ಪ್ರಿಂಟ್ ಹಾಕಿ ಲ್ಯಾಮಿನೇಶನ್ ಮಾಡಿ ಕೊಟ್ಟೆ.

ಮುಂದಿನ ವಾರ ಅದೇ ಟೀಚರು ಏಳನೇ ಕ್ಲಾಸಿನಲ್ಲಿ ನನ್ನ ಮಗನನ್ನು ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದು ಅಂದರು. ಪಾಠದಲ್ಲಿ ಕರ್ನಾಟಕ ಅಂತ ಇತ್ತು. ಅವನು ಕನಾರ್ಟಕ ಅಂತ ಓದಿದ. ಕ್ಲಾಸು ಗೊಳ್ಳೆಂದಿತು. ಇನ್ನೊಂದು ಸಲ ಓದಿಸಿದರು. ಮತ್ತೆ ಕನಾರ್ಟಕ. "ಹುಟ್ಟಿದ ರಾಜ್ಯದ ಹೆಸರು ಓದೋಕೆ ಬರಲ್ಲ, ಕನ್ನಡಕ್ಕೇ ಅವಮಾನ" ಅಂದು ಕೈ ಹಿಡಿದು ಕರೆದುಕೊಂಡು ಹೋಗಿ ಚಿಕ್ಕ ಕ್ಲಾಸುಗಳ ನಲಿಕಲಿ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಗೋಡೆಯ ಕೆಳಗೆ ಪುಟಾಣಿಗಳಿಗೆ ಅಂತ ತಗ್ಗಿನಲ್ಲಿ ಕಪ್ಪು ಹಲಗೆ ಬಳಿದಿರುತ್ತಾರೆ, ನೀವು ನೋಡಿರುತ್ತೀರಿ. ನನಗಿಂತ ಉದ್ದ ಬೆಳೆದಿರುವ ಹುಡುಗ ಮೊಣಕಾಲು ಮಡಚಿ ಕೂತು ಆ ಹಲಗೆಯ ಮೇಲೆ ಕಾಗುಣಿತ ಬರೆದಿದ್ದಾನೆ. ಊಟದ ಬೆಲ್ಲು ಹೊಡೆಯುವ ತನಕ.

ಅವನು ಮನೆಗೆ ಬಂದು ಒಂದು ಮಾತೂ ಹೇಳಲಿಲ್ಲ. ಹೊಟ್ಟೆನೋವು ಅಂತ ಮಾರನೇ ದಿನ ಶಾಲೆಗೆ ಹೋಗಲಿಲ್ಲ, ಅದರ ಮಾರನೇ ದಿನವೂ ಇಲ್ಲ. ಪಕ್ಕದ ಮನೆಯ ಒಂದನೇ ಕ್ಲಾಸಿನ ಮಗು ಬಂದು "ಆಂಟಿ, ಅಣ್ಣ ನಮ್ಮ ಕ್ಲಾಸಿಗೆ ಸೇರ್ಕೊಂಡಿದ್ದಾನಾ?" ಅಂತ ಕೇಳಿದಾಗಲೇ ನನಗೆ ಗೊತ್ತಾದದ್ದು.

ಆ ಟೀಚರ ಹೆಸರು ನಾನು ಬರೆಯುವುದಿಲ್ಲ. ಅವರನ್ನು ಸಸ್ಪೆಂಡ್ ಮಾಡಿ ಅಂತ ಕೇಳುವುದೂ ಇಲ್ಲ. ದಯವಿಟ್ಟು ಆ ಕೆಲಸ ಮಾಡಿ ಪತ್ರಿಕೆಯಲ್ಲಿ ಫೋಟೋ ಹಾಕಿಸಿ ಮುಗಿಸಬೇಡಿ. ಅವರು ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಬರೆಯಬೇಕು, ಮನೆ ಮನೆ ಸಮೀಕ್ಷೆಗೆ ಹೋಗಬೇಕು, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ ಮಾಡಬೇಕು. ಇದರ ಮಧ್ಯೆ ಇಂಥ ತಾರೀಕಿನೊಳಗೆ ಕೋರ್ಸು ಮುಗಿಸಿ, ಇಲ್ಲದಿದ್ದರೆ ನೋಟಿಸು ಅಂದರೆ ಅವರು ನನ್ನ ಅಂಗಡಿಗಲ್ಲದೆ ಇನ್ನೆಲ್ಲಿಗೆ ಬರಬೇಕು? ನೋಡಿದರೋ ಇಲ್ಲವೋ ಮೇಲಿನವರಿಗೆ ಬೇಕಿಲ್ಲ. ಎಷ್ಟು ಜನ ಮುಗಿಸಿದರು ಅನ್ನುವುದೇ ಬೇಕು.

ಇನ್ನೊಂದು ಮಾತು. ಅವರೇ ಕೂತು ನೋಡಿದ್ದರೂ ಕನಾರ್ಟಕದ ವಿಷಯ ಅವರಿಗೆ ಗೊತ್ತಾಗುತ್ತಿರಲಿಲ್ಲ. ಯಾಕೆಂದರೆ ಆ ವಿಡಿಯೋದಲ್ಲಿ ಹೇಳುವುದೆಲ್ಲ ಇಂಗ್ಲಿಷ್ ಅಕ್ಷರದ ಕಥೆ. ಮಗು 'ಬಿ' ಬರೆಯುವಲ್ಲಿ 'ಡಿ' ಬರೆಯುತ್ತದೆ, ಹಾಗೆ ಹೀಗೆ. ಕನ್ನಡದ ದನಿ ಕೊಟ್ಟಿದ್ದಾರೆ, ಕನ್ನಡದ ಅಕ್ಷರವೇ ಇಲ್ಲ. ನಮ್ಮ ಹುಡುಗರು ಎಡವುವುದು ಬೇರೆ ಕಡೆ. ಒತ್ತಕ್ಷರದಲ್ಲಿ ಎಡವುತ್ತಾರೆ. ದ ಧ ಥ ಒಂದೇ ಥರ ಕಾಣುತ್ತವೆ, ಪ ಷ ಫ ಒಂದೇ ಥರ ಕಾಣುತ್ತವೆ. ಕೊಂಬಿಗೊಂದು ದೀರ್ಘ ಬಂದರೆ ಗೊಂದಲ. ಎಲ್ಲಕ್ಕಿಂತ ಕಷ್ಟ ಅರ್ಕಾವತ್ತು. ಬಾಯಲ್ಲಿ ರ್ ಮೊದಲು ಬರುತ್ತದೆ, ಕಾಗದದ ಮೇಲೆ ಅದರ ಗುರುತು ಆಮೇಲೆ ಬರುತ್ತದೆ. ಕರ್ನಾಟಕ ಅಂತ ಬರೆದು ನೋಡಿ. ಕ ಆಯಿತು, ನಾ ಆಯಿತು, ಆಮೇಲೆ ಆ ಗುರುತು. ನನ್ನ ಮಗ ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದಾನೆ. ಅವಮಾನ ಮಾಡಿದ್ದಲ್ಲ.

ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಪಕ್ಕದಲ್ಲಿ ಕೂತು ಕೂತು ಗೊತ್ತಾಯಿತು. ಈಗ ಪಾಠಪುಸ್ತಕದ ಪಿಡಿಎಫ್ ಇಳಿಸಿ, ಪ್ರಿಂಟ್ ತೆಗೆದು, ಮೆಷಿನ್ನಿನಲ್ಲಿ 141 ಪರ್ಸೆಂಟಿಗೆ ಇಟ್ಟು ಎ3 ಹಾಳೆಗೆ ದೊಡ್ಡದು ಮಾಡುತ್ತೇನೆ. ಅರ್ಕಾವತ್ತಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ. ಕೆಂಪು ಕಂಡರೆ ಅವನು ಒಂದು ಅಕ್ಷರ ತಡೆದು, ರ್ ಸೇರಿಸಿ, ಆಮೇಲೆ ಮುಂದಕ್ಕೆ ಹೋಗುತ್ತಾನೆ. ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕೊರೆದು ಕೊಟ್ಟಿದ್ದೇನೆ, ಅದನ್ನು ಇಳಿಸುತ್ತಾ ಓದುತ್ತಾನೆ. ಬರೆಯುವಾಗ ಬಾಯಲ್ಲಿ ಹೇಳುತ್ತಾ ಬರೆಸುತ್ತೇನೆ. ಹೀಗೆ ಸೂರ್ಯ, ವರ್ಷ, ಮಾರ್ಗ ಎಲ್ಲ ದಾರಿಗೆ ಬಂದವು. ಇದರಲ್ಲಿ ಎಷ್ಟು ಸರಿ, ಎಷ್ಟು ಬರೀ ನನ್ನ ಅಂಗಡಿ ಬುದ್ಧಿ, ಹೇಳುವವರು ಬೇಕು. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗಾಗಿದೆ ನನ್ನ ಪಾಡು.

ಹೇಳುವವರು ನಮ್ಮ ರಾಜ್ಯದಲ್ಲಿ ಇಲ್ಲವೇ? ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಈ ತೊಂದರೆಗೆ ಸರ್ಟಿಫಿಕೇಟ್ ಕೊಡಲು 2018ರ ಮಾರ್ಗಸೂಚಿ ದೇಶಕ್ಕೆಲ್ಲ ಹೇಳಿದ್ದು ಅವರ ಪರೀಕ್ಷೆಯನ್ನೇ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಭಾರತೀಯ ಭಾಷಾ ಸಂಸ್ಥಾನವೂ ಅಲ್ಲೇ ಇದೆ. ಕನ್ನಡ ಮಗು ಕನ್ನಡ ಓದುವಾಗ ಎಲ್ಲಿ ತಡೆಯುತ್ತದೆ ಅಂತ ಬಲ್ಲವರು ಇಲ್ಲಿ ಸಿಗದೆ ಇನ್ನೆಲ್ಲಿ ಸಿಗುತ್ತಾರೆ? ಅವರನ್ನು ಕೂರಿಸಿ ಕನ್ನಡದಲ್ಲಿ ಒಂದು ತರಬೇತಿ ಮಾಡಿಸಿ. ಇಷ್ಟೇ ನಾನು ಕೇಳುವುದು.

ಮಾಡಿಸಿದ ಮೇಲೆ ಅದಕ್ಕೆ ಬೀಗ ಹಾಕಬೇಡಿ. ಮಗುವಿನ ಪಕ್ಕ ದಿನಾ ಕೂರುವವರು ಟೀಚರು ಒಬ್ಬರೇ ಅಲ್ಲ. ಅಮ್ಮ ಕೂರುತ್ತಾಳೆ, ಅಜ್ಜಿ ಕೂರುತ್ತಾರೆ, ಟ್ಯೂಷನ್ ಹೇಳುವ ಡಿಗ್ರಿ ಹುಡುಗಿ ಕೂರುತ್ತಾಳೆ, ಹಾಸ್ಟೆಲಿನಲ್ಲಿ ವಾರ್ಡನ್ ಇರುತ್ತಾರೆ. ಐಡಿ ಕೇಳದೆ ಎಲ್ಲರಿಗೂ ತೆರೆದಿಡಿ. ನಮ್ಮ ಕಡೆ ಮಳೆ ಹಿಡಿದರೆ ಕರೆಂಟ್ ಇದ್ದಾಗ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದಾಗ ಕರೆಂಟ್ ಇಲ್ಲ. ಇಳಿಸಿಟ್ಟುಕೊಂಡು ನೋಡುವ ಹಾಗೆ ಚಿಕ್ಕ ಚಿಕ್ಕ ವಿಡಿಯೋ ಮಾಡಿಸಿ.

ಟೀಚರುಗಳ ವಿಷಯಕ್ಕೆ ಬಂದರೆ, ಬರೀ ಟಿಕ್ ಹಾಕಿಸಿ ಸರ್ಟಿಫಿಕೇಟ್ ಕೊಡುವುದನ್ನು ನಿಲ್ಲಿಸಿ. ವಿಡಿಯೋ ನೋಡಿದ ಮೇಲೆ ತಮ್ಮ ಕ್ಲಾಸಿನ ಒಂದು ಮಗುವಿನ ಜೊತೆ ಕೂತು ಏನು ಮಾಡಿದರು ಅಂತ ಸುತ್ತಲಿನ ಶಾಲೆಗಳು ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಹೇಳಲಿ. ಇಂಥ ಮಕ್ಕಳಿಗೆ ಅಂತಲೇ ತಾಲ್ಲೂಕಿನಲ್ಲಿರುವ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿಗಳು) ಕೇಳಲಿ, ತಿದ್ದಲಿ. ಇದರಿಂದ ನನಗೆ ಒಂದಕ್ಕೆ ಐವತ್ತು ರೂಪಾಯಿ ನಷ್ಟ. ಪರವಾಗಿಲ್ಲ.

ದುಡ್ಡಿಲ್ಲ ಅನ್ನಬೇಡಿ. ಹೋದ ವರ್ಷ ನಮ್ಮ ಶಾಲೆಗೆ ಸ್ಮಾರ್ಟ್ ಕ್ಲಾಸ್ ಅಂತ ದೊಡ್ಡ ಟಿವಿ ಕೊಟ್ಟಿರಿ. ಟಿವಿಗಿಂತ ದೊಡ್ಡ ಫ್ಲೆಕ್ಸ್ ಹಾಕಿದ್ದರು, ಅದರಲ್ಲಿ ನಿಮ್ಮ ಫೋಟೋ ಚೆನ್ನಾಗಿಯೇ ಬಂದಿತ್ತು. ಆ ಟಿವಿಗೆ ಈಗ ಬಟ್ಟೆ ಮುಚ್ಚಿ ಇಟ್ಟಿದ್ದಾರೆ, ಮಕ್ಕಳು ಮುಟ್ಟಿ ಹಾಳು ಮಾಡಬಾರದು ಅಂತ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಆ ಬಟ್ಟೆ ತೆಗೆದು, ಈ ತರಬೇತಿ ಹಾಕಿ, ಅಪ್ಪ-ಅಮ್ಮಂದಿರನ್ನು ಕರೆದು ಕೂರಿಸಲು ಎಷ್ಟು ಕೋಟಿ ಬೇಕು?

ನನ್ನ ಮಗನಿಗೆ ಸಮಯ ಇಲ್ಲ. ಹತ್ತನೇ ಕ್ಲಾಸಿಗೆ ಬಂದಾಗ ಪರೀಕ್ಷೆಯಲ್ಲಿ ಜಾಸ್ತಿ ಸಮಯ ಕೊಡುತ್ತಾರೆ, ಬರೆಯಲು ಜನ ಕೊಡುತ್ತಾರೆ, ಸರ್ಟಿಫಿಕೇಟ್ ಇದ್ದರೆ. ಒಳ್ಳೆಯದೇ. ಆದರೆ ಅದಕ್ಕೂ ಮೊದಲಿನ ವರ್ಷಗಳಲ್ಲಿ ಅವನಿಗೆ ಕಲಿಸುವವರು ಯಾರು? ಸುಮ್ನೆ ಪಾಸು ಮಾಡಿಸಿ ಅಂತ ನಾನು ಕೇಳುತ್ತಿಲ್ಲ. ಕಲಿಸುವವರಿಗೆ ಕಲಿಸಿ ಅಂತ ಕೇಳುತ್ತಿದ್ದೇನೆ. ಕನ್ನಡದಲ್ಲಿ, ಎಲ್ಲರಿಗೂ ತೆರೆದು.

ಮುಂದಿನ ಅಧಿವೇಶನದಲ್ಲಿ ಇದನ್ನೊಂದು ಪ್ರಶ್ನೆಯಾಗಿ ಎತ್ತಿ. ಮೇ ಕೊನೆಗೆ ಶಾಲೆ ಶುರುವಾಗುವ ಮೊದಲು ಶಿಕ್ಷಣ ಸಚಿವರಿಂದ ಒಂದು ಆದೇಶ ಬರುವ ಹಾಗೆ ನೋಡಿಕೊಳ್ಳಿ. ಉತ್ತರ ಬರೆಸುವಾಗ ದಯವಿಟ್ಟು ಈ ಕಾಗದವನ್ನು ವಾಹನ ವಿಭಾಗಕ್ಕೆ ಕಳಿಸಬೇಡಿ. ಪ್ರತಿ ಕಳೆದುಹೋಯಿತು ಅಂದರೆ ಅಂಗಡಿಗೆ ಯಾರನ್ನಾದರೂ ಕಳಿಸಿ, ಎಷ್ಟು ಬೇಕಾದರೂ ತೆಗೆದುಕೊಡುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು, ಏಳನೇ ಕ್ಲಾಸಿನ ಹುಡುಗನ ತಾಯಿ